ಹ್ಯಾವ್ ಈಟನ್ ಅಂದ ಸಾಹೇಬರು

ಇಂಗ್ಲಿಷ್ ಕಲಿಸಲು ನಿಂತವರನ್ನು ನಗೆಪಾಟಲು ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ನನಗಂತೂ ಅದು ಮನೆಯ ವಿಳಾಸ ಕೇಳಿಕೊಂಡೇ ಬರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇಳಕಲ್ಲಿನ ಹುಡುಗಿಯರ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಅಕ್ಕಾರು, ಅಂದರೆ ಟೀಚರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸಾಲೆಯ ಹಿಂದೆಯೇ ಮಗ್ಗದ ಓಣಿ. ಆ ಸದ್ದಿನ ಮೇಲೆ ದನಿ ಏರಿಸಿ ಏರಿಸಿ ನನ್ನ ಬಾಯಿ ದೊಡ್ಡದಾಗಿತ್ತು. ಅದೇ ಬಾಯಿಯಿಂದ ನೌಕರಿ ಹೋಗುವುದರಲ್ಲಿತ್ತು. ಜಗಳ ಇಷ್ಟೇ: ‘ಹಿ ಹ್ಯಾಸ್ ಕಮ್’ ಯಾವಾಗ ಅನ್ನಬೇಕು, ‘ಹಿ ಕೇಮ್’ ಯಾವಾಗ ಅನ್ನಬೇಕು ಎಂಬುದನ್ನು ನನ್ನ ಹುಡುಗಿಯರಿಗೆ ನಾನು ನಮ್ಮ ಮಾತಿನಲ್ಲಿ ಕಲಿಸುತ್ತಿದ್ದೆ. ಕಲಿಸಬಾರದು ಅಂದರು ತಪಾಸಣೆಯ ಸಾಹೇಬರು. ನಾನು ಬಿಡಲಿಲ್ಲ.

ಬೆಂಚಿನ ಮೇಲಿನ ಪಾಠ

ಬಾಗಲಕೋಟೆಯಲ್ಲಿ ಬಿ.ಎಡ್. ಮಾಡುವಾಗ ನಮಗೆ ಹೇಳಿಕೊಟ್ಟಿದ್ದು ಗೆರೆ ಎಳೆದು, ಬಾಣ ಬಿಟ್ಟು ಕಾಲ ತೋರಿಸುವ ವಿದ್ಯೆ. ಹಾಗೆಯೇ ಮಾಡಿದೆ. ಬೋರ್ಡಿನ ತುಂಬ ಬಾಣ. ಹತ್ತನೇ ಇಯತ್ತೆಯ ಹುಡುಗಿಯರು ಆಕಳಿಸುತ್ತ ಕೂತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ಚೀರಿದಳು, “ಅಕ್ಕಾರ, ಚೇಳು ಬಂದೈತ್ರಿ!”

ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಡೀ ಕ್ಲಾಸು ಬೆಂಚಿನ ಮೇಲೆ. ನಾನು ಕುರ್ಚಿಯ ಮೇಲೆ. ಅಲ್ಲಿ ನಿಂತಾಗಲೇ ನನಗೆ ಹೊಳೆಯಿತು.

“ನಿನ್ನಿ ಚೇಳು ಬಂದಿತ್ತು ಅಂದಿದ್ರ ಬೆಂಚು ಏರತಿದ್ರೇನು?” ಅಂತ ಕೇಳಿದೆ.

“ಯಾಕ್ರಿ? ಅದು ಹೋಗಿರ್ತದಲ್ರಿ!”

“ಬಂದೈತಿ ಅಂದ್ರ?”

“ಇಲ್ಲೇ ಐತ್ರಿ, ಕಡೀತೈತ್ರಿ!”

“ಅದ ಹ್ಯಾಸ್ ಕಮ್. ನಿನ್ನಿ ಬಂದು ಹೋದದ್ದು ಕೇಮ್. ತಿಳೀತಿಲ್ಲೋ?”

ತಿಳಿಯಿತು. ಬಾಣದಿಂದ ತಿಂಗಳುಗಟ್ಟಲೆ ಆಗದ್ದು ಚೇಳಿನಿಂದ ಒಂದೇ ನಿಮಿಷಕ್ಕೆ ಆಯಿತು. ಗದ್ದಲ ಕೇಳಿ ಹೆಡ್‌ಮಾಸ್ತರರು ಓಡಿ ಬಂದರು. “ಏನ್ ನಡಸೀರಿ ಇಲ್ಲಿ?” ಅಂದರು. ಬೆಂಚಿನ ಮೇಲಿಂದ ಹುಡುಗಿಯೊಬ್ಬಳು ಬೆರಳು ತೋರಿಸಿ ಹೇಳಿದಳು, “ಪ್ರೆಸೆಂಟ್ ಪರ್ಫೆಕ್ಟ್ ಬಂದೈತ್ರಿ ಸರ್, ಅಲ್ಲಿ, ಮೂಲ್ಯಾಗ.”

ಹೆಡ್‌ಮಾಸ್ತರರು ಇತಿಹಾಸದವರು. “ಮತ್ತ ನೋಡ್ಕೋತ ನಿಂತೀರಲ್ಲ! ಚಪ್ಪಲೀಲೆ ಹೊಡೀರಿ ಅದನ್ನ!” ಅಂದರು.

ಸಾಹೇಬರ ಅಪ್ಪಣೆ

ಆ ವರ್ಷವೇ ತಪಾಸಣೆಗೆ ಸಾಹೇಬರೊಬ್ಬರು ಬಂದರು. ನಮ್ಮ ಕಡೆಯವರೇ, ಹುಟ್ಟಿದ್ದು ಕುಳಗೇರಿ ಕ್ರಾಸಿನ ಆಚೆಯ ಹಳ್ಳಿಯಲ್ಲಿ. ಆದರೆ ಬೆಂಗಳೂರಿನಲ್ಲಿ ಏನೋ ತರಬೇತಿ ಮುಗಿಸಿ ಬಂದ ಮೇಲೆ ‘ಐತಿ’ ಎಂಬ ಮಾತು ಅವರ ಕಿವಿಗೆ ಚುಚ್ಚುತ್ತಿತ್ತು. ನನ್ನ ಕ್ಲಾಸಿನಲ್ಲಿ ಬಂದು ಕೂತರು. ಚೇಳಿನ ಪಾಠ ಕೇಳಿದರು. ಮುಖ ಹುಳ್ಳಗೆ ಮಾಡಿದರು.

“ಇದು ಇಂಗ್ಲಿಷ್ ತರಗತಿಯೋ, ಸಂತೆಯೋ?” ಅಂದರು. “ಮುಂದಿನ ವರ್ಷ ಪುನಃ ಬರುತ್ತೇನೆ. ಇನ್ನು ಮೇಲೆ ಈ ಶಾಲೆಯಲ್ಲಿ ನನ್ನೆದುರು ಇಂಗ್ಲಿಷ್ ಮಾತ್ರ. ಒಂದು ‘ಐತಿ’ ಕೇಳಿಸಿದರೂ ನಿಮ್ಮನ್ನು ಅನ್‌ಫಿಟ್ ಎಂದು ಬರೆಯುತ್ತೇನೆ. ಕಾಯಂ ಆಗುವ ಆಸೆ ಬಿಡಿ.”

ಹೆಡ್‌ಮಾಸ್ತರರು ನನ್ನ ಪರವಾಗಿ ಗಂಟಲು ಸರಿಮಾಡಿಕೊಂಡರು. ಆದರೆ ಇಂಗ್ಲಿಷ್‌ನಲ್ಲೇ ಮಾತಾಡಬೇಕು ಎಂಬುದು ನೆನಪಾಗಿ ಅದನ್ನು ಕೆಮ್ಮಿನಲ್ಲೇ ಮುಗಿಸಿದರು. ಮರುದಿನ ನಾನು ಅದೇ ಕ್ಲಾಸಿಗೆ ಹೋಗಿ ಇನ್ನೂ ಜೋರಾಗಿ ‘ಬಂದೈತಿ’ ಅಂದೆ. ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

ಸೋದರಮಾವನ ಗುಡ್ಡ

ರಜೆಗೆ ತವರಿಗೆ, ಬಾದಾಮಿಗೆ ಹೋದಾಗ ಸೋದರಮಾವನ ಮುಂದೆ ಗೋಳು ಹೇಳಿಕೊಂಡೆ. ಮಾವ ಗುಹೆ ತೋರಿಸುವ ಗೈಡು. ಸಾಲೆ ಕಲಿತದ್ದು ಕಡಿಮೆ, ಇಂಗ್ಲಿಷ್ ಮಾತ್ರ ನೀರು ಕುಡಿದಂತೆ. ನನ್ನ ಮಾತು ಕೇಳಿ ನಕ್ಕ.

“ನನಗೂ ಒಬ್ಬ ಬಿಳಿ ಸಾಹೇಬ ಗಂಟು ಬಿದ್ದಿದ್ದ,” ಅಂದ. “ನಾ, ‘ದಿ ಕಿಂಗ್ ಹ್ಯಾಸ್ ಮೇಡ್ ದಿಸ್ ಕೇವ್’ ಅಂದೆ. ಅವ, ‘ಹ್ಯಾಸ್ ಮೇಡ್ ಅಲ್ಲ, ಮೇಡ್ ಅನ್ನು. ರಾಜ ಸತ್ತು ಸಾವಿರ ವರ್ಷದ ಮ್ಯಾಲೆ ಆಗೇತಿ’ ಅಂದ.”

“ಅವ ಅಂದದ್ದು ಖರೇನ ಐತಲ್ಲೋ ಮಾವಾ!”

“ನಿನ್ನ ಇಂಗ್ಲಿಷ್‌ನಾಗ ಖರೆ ಇರಬೇಕು. ನಾ ಅಂದೆ, ಸಾಹೇಬ್ರ, ರಾಜ ಸತ್ತಾನ, ಗವಿ ಸತ್ತಿಲ್ಲ. ಭಾಷಾ ನಿಮ್ದು, ಗುಡ್ಡಾ ನಮ್ದು. ಇದು ಯಾವತ್ತ ಬೀಳ್ತದ, ಅವತ್ತ ನಿಮ್ಮ ‘ಮೇಡ್’ ಹಾಕ್ತೇನಿ. ಅಲ್ಲೀಮಟ ಹ್ಯಾಸ್ ಮೇಡ್!”

“ಮತ್ತ ಅವ ಏನಂದ?”

“ಏನಂತಾನ? ಗುಡ್ಡದ ಕೆಳಗ ನಿಂತಿದ್ದ. ಮ್ಯಾಲೆ ನೋಡಿ, ‘ಹ್ಯಾಸ್ ಮೇಡ್, ಹ್ಯಾಸ್ ಮೇಡ್’ ಅಂದು ಸರದು ನಿಂತ.”

ಕನ್ಯಾ ನೋಡಾಕ ಬಂದವರು

ಧೈರ್ಯ ತಗೊಂಡು ಇಳಕಲ್ಲಿಗೆ ಮರಳಿದರೆ ಇಲ್ಲಿ ಇನ್ನೊಂದು ಕಾದಿತ್ತು. ಹಿಂದಿನ ವರ್ಷ ಪಾಸಾದ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ನೋಡಲು ಹುನಗುಂದದಿಂದ ಗಂಡಿನ ಕಡೆಯವರು ಬಂದಿದ್ದರು. ನನ್ನನ್ನೂ ಕರೆದಿದ್ದರು. ಉಪ್ಪಿಟ್ಟು ತಂದಿಟ್ಟರೆ ಬೀಗರಾಗುವವರು, “ಬ್ಯಾಡ್ರಿ, ಎಲ್ಲಾ ಆಗೇತ್ರಿ,” ಅಂದರು. ನಮ್ಮ ಕಡೆ ಮೊದಲ ಸಲ ಕೇಳಿದಾಗ ‘ಆಗೇತ್ರಿ’ ಅನ್ನುವುದು ಬಂದವರ ಮರ್ಯಾದೆ, ಮತ್ತೆ ಮತ್ತೆ ಕೇಳುವುದು ಮನೆಯವರ ಮರ್ಯಾದೆ. ಇನ್ನೊಮ್ಮೆ ಕೇಳಿದರು. ಉಪ್ಪಿಟ್ಟಿನ ಪಾತೇಲಿ ಖಾಲಿಯಾಯಿತು.

ಗಂಡು ಬಿ.ಎ. ಓದಿದವನು. ಮದುವೆಯಾದ ಮೇಲೆ ಓದು ಗೀದು ಏನೂ ಬೇಡ ಅಂತ ಮೊದಲೇ ಹೇಳಿಬಿಟ್ಟ. ಆಮೇಲೆ ಹುಡುಗಿಯ ಪರೀಕ್ಷೆ ಮಾಡಲು ಇಂಗ್ಲಿಷ್‌ನಲ್ಲಿ, “ವೆನ್ ಹ್ಯಾವ್ ಯು ಪಾಸ್ಡ್ ಎಸ್ಸೆಸ್ಸೆಲ್ಸಿ?” ಅಂದ.

ಹುಡುಗಿ ತಲೆ ಎತ್ತಿದಳು. “ವೆನ್ ಅಂತ ಕೇಳಿದ್ರ ಹ್ಯಾವ್ ಹಾಕಬಾರದ್ರಿ. ‘ವೆನ್ ಡಿಡ್ ಯು ಪಾಸ್’ ಅನ್ರಿ. ಇನ್ನೊಮ್ಮೆ ಕೇಳ್ರಿ, ಹೇಳ್ತೇನಿ.”

ಅವನು ಇನ್ನೊಮ್ಮೆ ಕೇಳಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಹೋದರು. ಮರುದಿನ ಹುಡುಗಿಯ ತಂದೆ ಸಾಲೆಗೆ ಬಂದು ಹೆಡ್‌ಮಾಸ್ತರರ ಮುಂದೆಯೇ ಕೂಗಾಡಿದ. “ಅಕ್ಕಾರ, ನಿಮ್ಮ ಹ್ಯಾವ್‌ಕ್ಕ, ನಿಮ್ಮ ಡಿಡ್‌ಕ್ಕ ಬೆಂಕಿ ಹಚ್ಚ! ಅದರಿಂದ ನಮ್ಮ ಹುಡಿಗೀ ಸಂಬಂಧ ತಪ್ಪಿತು!”

ಬಾಗಿಲಲ್ಲಿ ಮಗಳು ನಿಂತಿದ್ದಳು. “ಅಪ್ಪಾ, ಅಕ್ಕಾರಿಗೆ ಯಾಕ ಬೈತಿ? ಅದು ತಪ್ಪಿಲ್ಲ,” ಅಂದಳು. “ನಾನ ತಪ್ಪಿಸೇನಿ.”

ಸಾಹೇಬರ ಊಟ

ಹೇಳಿದಂತೆ ಮರುವರ್ಷ ಸಾಹೇಬರು ಬಂದರು. ಬಾಗಲಕೋಟೆಯಿಂದ ನಸುಕಿನಲ್ಲೇ ಹೊರಟಿದ್ದರಂತೆ. ಕಮತಗಿಯ ಹತ್ತಿರ ಬಸ್ಸು ಕೆಟ್ಟು ನಿಂತು, ಇಳಕಲ್ಲು ಮುಟ್ಟುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಬಂದವರೇ ಸೀದಾ ನನ್ನ ಕ್ಲಾಸಿಗೆ ನುಗ್ಗಿದರು.

“ಐ ಹ್ಯಾವ್ ಈಟನ್. ಐ ಏಟ್. ವಾಟ್ ಈಸ್ ದ ಡಿಫರೆನ್ಸ್?”

ಮುಂದಿನ ಬೆಂಚಿನವಳು ಎದ್ದಳು. ನನ್ನ ಮುಖ ನೋಡಿದಳು. ಹೇಳು ಅಂತ ತಲೆಯಾಡಿಸಿದೆ.

“ಐ ಏಟ್ ಅಂದ್ರ ಯಾವಾಗರ ಉಂಡದ್ರಿ, ಈಗ ಮತ್ತ ಹಸಿವಿ ಆಗಿರಬಹುದ್ರಿ. ಹ್ಯಾವ್ ಈಟನ್ ಅಂದ್ರ ಈಗ ಹೊಟ್ಟಿ ತುಂಬೇತಿ, ಊಟಕ್ಕ ತಾಟು ಹಚ್ಚಬ್ಯಾಡ್ರಿ ಅಂತ್ರಿ.”

“ಸ್ಟಾಪ್!” ಸಾಹೇಬರು ಮೇಜು ಗುದ್ದಿದರು. “ಅರ್ಥ ಸರಿ, ಭಾಷೆ ತಪ್ಪು. ‘ದ ರಿಸಲ್ಟ್ ಕಂಟಿನ್ಯೂಸ್’ ಎನ್ನಬೇಕು.” ನನ್ನ ಕಡೆ ತಿರುಗಿ, “ಊಟದ ನಂತರ ರಿಪೋರ್ಟು ಬರೆಯುತ್ತೇನೆ. ಅನ್‌ಫಿಟ್,” ಅಂದರು.

ಸ್ಟಾಫ್ ರೂಮಿನಲ್ಲಿ ಊಟ ಸಿದ್ಧವಾಗಿತ್ತು. ಬಿಸಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆನೆ ಮೊಸರು, ಶೇಂಗಾ ಹೋಳಿಗೆ. ಎಲ್ಲ ನಾನೇ ಮಾಡಿಸಿದ್ದು. ಹೆಡ್‌ಮಾಸ್ತರರು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ ಒಂದೇ ವಾಕ್ಯ ಹೇಳಿದರು.

“ಸರ್, ಹ್ಯಾವ್ ಯು ಈಟನ್?”

ಸಾಹೇಬರು ರೂಢಿಯಂತೆ ಕೈಯಾಡಿಸಿದರು. “ಯೆಸ್ ಯೆಸ್, ಐ ಹ್ಯಾವ್ ಈಟನ್.”

ಹೆಡ್‌ಮಾಸ್ತರರ ಹತ್ತಿರ ಎರಡನೇ ವಾಕ್ಯ ಇರಲಿಲ್ಲ. ನನ್ನ ಹತ್ತಿರ ಇತ್ತು. ಸಾಲೆಯ ಸಿಪಾಯಿಗೆ, ಅಂದರೆ ಜವಾನನಿಗೆ, ಹೇಳಿದೆ, “ಸಾಹೇಬರ ತಾಟು ತಗೀರಿ. ಅವರದು ಹ್ಯಾವ್ ಈಟನ್ ಆಗೇತಂತ.”

ತಾಟು ಹೋಯಿತು. ನಾವೆಲ್ಲ ಉಣ್ಣಲು ಕೂತೆವು. ಸಾಹೇಬರು ಕಿಟಕಿ ನೋಡಿದರು, ಗಡಿಯಾರ ನೋಡಿದರು, ನನ್ನ ರೊಟ್ಟಿ ನೋಡಿದರು. ಹೋಳಿಗೆಯ ಮೇಲೆ ನಾನು ತುಪ್ಪ ಸುರಿದುಕೊಂಡಾಗ ಅವರ ಬೆಂಗಳೂರು ಜಾರಿಬಿತ್ತು.

“ಅಲ್ರೀ ಅಕ್ಕಾರ,” ಅಂದರು. “ಮುಂಜಾನಿಂದ ಹೊಟ್ಟಿಗೆ ಏನೂ ಬಿದ್ದಿಲ್ರೀ!”

“ಹ್ಯಾವ್ ಈಟನ್ ಅಂದ್ರಲ್ರಿ. ರಿಸಲ್ಟ್ ಕಂಟಿನ್ಯೂಸ್.”

“ಏ, ಬಾಯಿಲೆ ಅನ್ನೂದ್ರೀ ಅದು! ಯಾರರ ಒಮ್ಮಿಗೇ ಹೂಂ ಅಂತಾರೇನು? ನೀವು ಇನ್ನೊಮ್ಮಿ ಕೇಳಬೇಕಿಲ್ಲೋ?”

“ಇಂಗ್ಲಿಷ್‌ನಾಗ ಒಮ್ಮಿ ಕೇಳೂದ್ರಿ. ಇನ್ನೊಮ್ಮಿ ಕೇಳಬೇಕಂದ್ರ ನಮ್ಮ ಮಾತ ಬೇಕಾಗ್ತೈತಿ.”

“ಮತ್ತ ನಮ್ಮ ಮಾತಿಲೇನ ಕೇಳ್ರಲ್ಲ!”

“ಅದನ್ನ ರಿಪೋರ್ಟಿನಾಗ ಬರೀರಿ. ಆಮ್ಯಾಗ ಕೇಳ್ತೇನಿ.”

ಹೆಡ್‌ಮಾಸ್ತರರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಸಾಹೇಬರು ನನ್ನನ್ನು ನೋಡಿದರು. ಹೋಳಿಗೆ ನೋಡಿದರು. ಪೆನ್ನು ತೆಗೆದರು. ‘ಸ್ಥಳೀಯ ಮಾತಿನ ನೆರವಿನಿಂದ ಬೋಧನೆ ಉತ್ತಮ. ಕಾಯಂ ಮಾಡಬಹುದು’ ಎಂದು ಬರೆದು, ಸಹಿ ಹಾಕಿ, ಹಾಳೆ ನನ್ನ ಕಡೆ ದೂಡಿದರು. ನಾನು ಎರಡು ಸಲ ಓದಿದೆ. ಸಿಪಾಯಿ ತಾಟು ತಂದಿಟ್ಟ. ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ತುಂಬು ಮರ್ಯಾದೆಯಿಂದ ನಮ್ಮ ಮಾತಿನಲ್ಲಿ ಕೇಳಿದೆ.

“ಸಾಹೇಬ್ರ, ಊಟ ಆತೇನ್ರಿ?”

ಸಾಹೇಬರ ಬಲಗೈ ಆಗಲೇ ರೊಟ್ಟಿ ಮುರಿಯುತ್ತಿತ್ತು. ಆದರೆ ಬಾಯಿ ಕುಳಗೇರಿ ಕ್ರಾಸಿನದು, ಅದು ಯಾರ ಮಾತು ಕೇಳುತ್ತದೆ?

“ಆಗೇತ್ರಿ, ಆಗೇತ್ರಿ,” ಅಂದರು. “ನೀವು ಮಾಡ್ರಿ.”