ನಿಂಬೆಗಿಡದ ಅನಾಮಧೇಯರಿಗೆ

ಮಾನ್ಯರೇ,

ತಮ್ಮ ಕ್ಷೇಮದ ಬಗ್ಗೆ ನಮ್ಮ ನಿಂಬೆಗಿಡದ ಬೋಳುಕೊಂಬೆಗಳೇ ಸಾಕ್ಷಿ ನುಡಿಯುತ್ತಿರುವುದರಿಂದ ಕುಶಲ ಕೇಳುವ ಶಾಸ್ತ್ರವನ್ನು ಬಿಟ್ಟು ನೇರವಾಗಿ ಅಹವಾಲಿಗೆ ಬರುತ್ತೇನೆ. ತಮ್ಮನ್ನು ಕಂಬಳಿಹುಳುವೇ ಎಂದು ಕರೆಯೋಣವೆಂದರೆ ಮೈಮೇಲೆ ಕಂಬಳಿಯಿರಲಿ, ಕರವಸ್ತ್ರಕ್ಕಾಗುವಷ್ಟೂ ರೋಮವಿಲ್ಲ.

ಊರಿನ ಅರ್ಧ ಜನಕ್ಕೆ ಕನ್ನಡಕ ಹಾಕಿಸಿ ಕಣ್ಣು ಕಾಣುವಂತೆ ಮಾಡಿದವನು ನಾನು. ಅಂಥ ನಾನೇ ಎಲೆಯ ಮೇಲಿದ್ದ ತಮ್ಮನ್ನು ಹಕ್ಕಿಯ ಹಿಕ್ಕೆಯೆಂದು ಭಾವಿಸಿ ಒರೆಸಲು ಹೋದಾಗ, ಹಿಕ್ಕೆ ತಾನಾಗಿಯೇ ಎದ್ದು ಪಕ್ಕದ ಎಲೆಗೆ ನಡೆದುಹೋಯಿತು. ಇದನ್ನು ಕಂಡ ನನ್ನ ಹೆಂಡತಿ, "ಹೆಸರು ಗೊತ್ತಿಲ್ಲದ ಜೀವಾನ ನಾನು ಕೊಲ್ಲಲ್ಲ. ಭಾನುವಾರದೊಳಗೆ ಇದು ಯಾರು ಅಂತ ಪತ್ತೆಮಾಡಿ. ಒಳ್ಳೇದಾದ್ರೆ ಇರ್ಲಿ, ಇಲ್ಲಾಂದ್ರೆ ಸೋಪಿನ ನೀರು" ಎಂದು ತೀರ್ಪಿತ್ತಳು. ತಮ್ಮ ಪ್ರಾಣವೂ ನನ್ನ ಮಾನವೂ ಒಂದೇ ಕೊಂಬೆಗೆ ಜೋತುಬಿದ್ದದ್ದು ಹೀಗೆ.

ಚಿತ್ರ ನೋಡಿ ಹೆಸರು ಹೇಳುವ ಫೋನಿಗೆ ತಮ್ಮ ಚಿತ್ರ ತೋರಿಸಿದೆ. ಅದೂ ಹಿಕ್ಕೆಯೆಂದೇ ಹೇಳಿ ನನ್ನ ಮರ್ಯಾದೆ ಉಳಿಸಿತು. ಅಷ್ಟರಲ್ಲಿ ತಾವು ಹಳೆಯ ಅಂಗಿ ಕಳಚಿ, ಹಸಿರುಟ್ಟು, ಬೆನ್ನ ಮೇಲೆ ಎರಡು ಕಣ್ಣು ಬರೆಸಿಕೊಂಡು ಕುಳಿತಿರಿ. ಈ ಸಲ ಫೋನು, ಇದು ಹಾವು, ದೂರ ಸರಿಯಿರಿ ಎಂದು ಕಿರುಚಿಕೊಂಡಿತು. ಗುರುತು ಹಿಡಿಯುವ ಕೆಲಸ ಮುಗಿಯುವವರೆಗಾದರೂ ಒಂದೇ ಉಡುಪಿನಲ್ಲಿರಬೇಕೆಂದೂ, ಸಾಧ್ಯವಾದರೆ ಕೊರಳಿಗೊಂದು ಹೆಸರಿನ ಪಟ್ಟಿ ತೂಗುಹಾಕಿಕೊಳ್ಳಬೇಕೆಂದೂ (ಕೊರಳು ಎಲ್ಲಿದೆಯೆಂದು ತಾವೇ ನಿರ್ಧರಿಸತಕ್ಕದ್ದು) ಸವಿನಯ ಪ್ರಾರ್ಥನೆ.

ಕಡೆಗೆ, ಹುಳುಗಳ ಬಗ್ಗೆ ದಪ್ಪನೆಯ ಪುಸ್ತಕವಿಟ್ಟುಕೊಂಡಿರುವ ನನ್ನ ಭಾವಮೈದುನನನ್ನು ಕರೆಸಿದೆ. ಅವನು, "ಸುಮ್ನಿರಿ ಭಾವ, ಒಂದ್ಸಲ ಮುಟ್ಟಿದ್ರೆ ಜಾತಕ ಹೇಳ್ಬಿಡ್ತೀನಿ" ಎಂದು ಪೆನ್ಸಿಲಿನಿಂದ ತಿವಿದ ಕೂಡಲೇ ತಾವು ನೆತ್ತಿಯಿಂದ ಕಿತ್ತಳೆ ಬಣ್ಣದ ಕವಲುಕೊಂಬು ಹೊರಚಾಚಿ ನಾರತೊಡಗಿದಿರಿ. ಹಿಂದಕ್ಕೆ ಹಾರಿದ ಅವನು ನಿಂಬೆಯ ಇನ್ನೊಂದು ಕುಂಡದ ಮೇಲೆ ಕುಳಿತು, ಅದರ ಮುಳ್ಳುಗಳ ಸಂಖ್ಯೆ ಎಷ್ಟೆಂಬುದನ್ನು ಕೂಗಿನಲ್ಲೇ ತಿಳಿಸಿ, ತಮ್ಮನ್ನು ಗೂಳಿಯ ಜಾತಿಗೆ ಸೇರಿಸಿ ಹೊರಟುಹೋದನು.

ಭಾನುವಾರ ಹೆಂಡತಿ ಸೋಪಿನ ನೀರು ಹಿಡಿದು ಹೋದಾಗ ಗಿಡದಲ್ಲಿ ತಾವಿರಲಿಲ್ಲ. ಹುಡುಕಿ ಹುಡುಕಿ ನೋಡಿದರೆ, ಬಾಗಿಲ ಪಕ್ಕದ ಕರೆಗಂಟೆಯ ಗುಂಡಿಯ ಮೇಲೆ, ಸೊಂಟಕ್ಕೊಂದು ನೂಲು ಕಟ್ಟಿಕೊಂಡು, ಮುದುರಿದ ಎಲೆಯಂತೆ ಮಲಗಿದ್ದಿರಿ. ಆಕೆ ಬಹಳ ಹೊತ್ತು ನಿಂತು ನೋಡಿ, ನೀರನ್ನು ಅಂಗಳಕ್ಕೆ ಚೆಲ್ಲಿ, "ಮಲಗಿದವರನ್ನ ಯಾರಾದ್ರೂ ಎಬ್ಬಿಸ್ತಾರಾ?" ಎಂದಳು. ಮದುವೆಯಾದಂದಿನಿಂದ ನನ್ನ ಮಧ್ಯಾಹ್ನದ ನಿದ್ದೆಗೆ ದಕ್ಕದ ಈ ಕರುಣೆ ತಮಗೆ ದಕ್ಕಿದ್ದಕ್ಕೆ ಅಭಿನಂದನೆಗಳು. ಈಗ ಗಂಟೆ ಒತ್ತಬಾರದೆಂಬ ಬೋರ್ಡು ಬಾಗಿಲಿಗೆ ಬಿದ್ದಿದೆ. ನಾವೆಲ್ಲ ಹಿತ್ತಿಲ ಬಾಗಿಲಿನಿಂದ, ಕಳ್ಳರ ಹಾಗೆ, ತುದಿಗಾಲಲ್ಲಿ ಓಡಾಡುತ್ತಿದ್ದೇವೆ.

ರೆಕ್ಕೆ ಮೂಡಿ ಹೊರಡುವ ದಿನ ದಯವಿಟ್ಟು ಒಮ್ಮೆ ಗಂಟೆ ಒತ್ತಿ ಹೋಗಿ. ಹೆಸರು ಹೇಳದಿದ್ದರೂ ಚಿಂತೆಯಿಲ್ಲ, ಆಕೆ ನೋಡಬೇಕಂತೆ.

ತಮ್ಮ ವಿಶ್ವಾಸಿ,
ಹಿತ್ತಿಲ ಬಾಗಿಲಿನ ಮನೆ ಯಜಮಾನ

ವಿ.ಸೂ.: ಗುಲಾಬಿ ಗಿಡಕ್ಕೆ ತಮ್ಮ ಬಳಗದವರೊಬ್ಬರು ಬಂದಿದ್ದಾರೆ, ಇವರಿಗೆ ಕಂಬಳಿ ಧಾರಾಳವಾಗಿದೆ. ಭಾವಮೈದುನ ಈ ಸಲ ಪೆನ್ಸಿಲು ಮರೆತು ಬರಿಗೈಲಿ ಮುಟ್ಟಿದನು. ಅವನಿಗೆ ಅವರ ಗುರುತು ಸಿಗಲಿಲ್ಲ. ಅವರ ಗುರುತು ಮಾತ್ರ ಅವನ ಕೈಮೇಲೆ ಕೆಂಪಗೆ, ಸ್ಪಷ್ಟವಾಗಿ ಮೂಡಿದೆ.