ಹೆಸರು ಹೇಳದ ಟ್ರಂಕ್ ಕಾಲ್‌ಗಳು

ಸಂದಿಗ್… ಸಂದಿಗ್ಧ ಏನೋ ಒಂದು. ನಿವಾರಣೆಯೋ ನಿರ್ಣಯವೋ, ನಾಲಿಗೆಗೆ ಹತ್ತುತ್ತಿಲ್ಲ. ಬರಕೊಳ್ಳಲು ಕೂತಿದ್ದೀಯಲ್ಲ ತಂಗಿ, ನನ್ನ ಮೊಮ್ಮಗಳ ಕೆಲಸದ ಹೆಸರು ಅದು. ಬರಹದಲ್ಲಿ ‘ಅವರು’ ಎಂದು ಬಂದರೆ ಯಾರು ಎಂದು ಕಂಪ್ಯೂಟರಿಗೆ ಕಲಿಸುತ್ತಾಳಂತೆ. ಎಪ್ಪತ್ತರ ದಶಕದಲ್ಲಿ, ಸೊಲ್ಲಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಾಲ್ ಜೋಡಿಸುವ ಆಪರೇಟರ್ ಹುಡುಗಿಯರಾದ ನಮಗೆ ದಿನಾ ಇದೇ ಫಜೀತಿ. ಊರಿಂದೂರಿಗೆ ಮಾಡುವ ಟ್ರಂಕ್ ಕಾಲ್‌ನಲ್ಲಿ ಇಂಥವರೇ ಬೇಕೆಂದರೆ ಹೆಸರು ಹೇಳಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಈಗ ಮೈಸೂರಿನಲ್ಲಿ ಫೋನು ಕಿವಿಗಿಟ್ಟರೂ ಆ ಎಕ್ಸ್‌ಚೇಂಜ್ ಹಾಲ್‌ನ ಗದ್ದಲ, ಹಂಚಿಕೊಂಡು ತಿಂದ ಶೇಂಗಾ ಚಟ್ನಿ ನೆನಪಾಗುತ್ತವೆ.

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪನ ಗಿರಣಿ ಮುಚ್ಚಿ, ಮನೆ ನನ್ನ ಪಗಾರದ ಮೇಲೆ ನಿಂತಿತ್ತು. ಸೂಪರ್‌ವೈಸರ್ ಸಾಹೇಬರದು ಒಂದೇ ಮಾತು: “ಹೆಸರಿಲ್ದ ಜೋಡಿಸಿದ್ರ ಮನೀಗೆ ಹೋಗ್ರಿ.”

ಕೆಮ್ಮು

ಹೋಟಗಿಯ ಹೆಂಗಸೊಬ್ಬಳು ಸೊಲ್ಲಾಪುರದ ನವಿ ಪೇಠದ ಅರಿವೆ-ಬಟ್ಟೆ ಅಂಗಡಿ ಕೇಳಿದಳು.

“ಯಾರು ಬೇಕ್ರಿ?”

“ಇವರು.”

“ಇವರಂದ್ರ?”

“ನಮ್ಮ ಮನಿಯವರು.”

ಅಂಗಡಿಯಲ್ಲಿ ಹೋಟಗಿಯವರೇ ಮೂವರು. ಒಬ್ಬೊಬ್ಬರಿಗೂ ಹಲೋ ಅನ್ನಿಸಿದೆ. “ಇವರಲ್ಲ.” “ಇವರೂ ಅಲ್ಲ.” ಮೂರನೆಯವನು ಬಾಯಿ ತೆರೆಯುವ ಮೊದಲೇ ಕೆಮ್ಮಿದ.

“ಹಾಂ, ಇವರಽ ನೋಡ್ರಿ! ಔಷಧ ತಗೊಂಡಿಲ್ಲ ಇವತ್ತೂ!”

ಸಣ್ಣಾಂವ

ವಳಸಂಗದ ಮುದುಕಿಗೆ ಪೊಲೀಸ್ ಚೌಕಿಯಲ್ಲಿದ್ದ “ಸಣ್ಣಾಂವ” ಬೇಕಿತ್ತು. ಜೋಡಿಸಿದೆ. ಅತ್ತ ಕಡೆಯ ಹವಾಲ್ದಾರ ಗುಡುಗಿದ: “ಸಣ್ಣ ಹುಡುಗ್ರು ಯಾರೂ ಇಲ್ಲ ಇಲ್ಲಿ! ಇಡ್ರಿ ಫೋನ್!”

“ಯಾಕೋ ಸಣ್ಣ್ಯಾ, ಮೈಯಾಗ ಮಸ್ತಿ ಬಂದಾದೇನು?”

ಅದೇ ಹವಾಲ್ದಾರನಿಂದ ಬೆಕ್ಕಿನ ಮರಿಯಂಥ ದನಿ: “ಅವ್ವಾ…”

ಗುರ್ತು

ಎರಡೂ ಸಂಗತಿ ಸಾಹೇಬರಿಗೆ ಮುಟ್ಟಿದವು. ಮರುದಿನ ನನ್ನ ಬೆನ್ನ ಹಿಂದೆಯೇ ನಿಂತರು. ಆಗಲೇ ಅಕ್ಕಲಕೋಟದಿಂದ ಒಬ್ಬ ಹೆಂಗಸಿನ ಫೋನು: “ಅವರಿಗೆ ಕೊಡ್ರಿ, ಅಲ್ಲೇ ನಿಮ್ಮ ಆಫೀಸಿನ್ಯಾಗ ಇರ್ತಾರ.”

“ಹೆಸರು ಹೇಳಂಗಿಲ್ಲಂತ್ರಿ,” ಎಂದೆ ಸಾಹೇಬರಿಗೆ.

“ಹಂಗಾರ ಗುರ್ತು ಕೇಳ್ರಿ. ಗಟ್ಟ್ಯಾಗಿ ಹೇಳ್ರಿ, ಎಲ್ಲಾರಿಗೂ ಕೇಳ್ಲಿ.”

ಆಕೆ ಹೇಳಿದಂತೆ ನಾನು ಹೇಳುತ್ತ ಹೋದೆ. “ಬೊಕ್ಕತಲಿ. ಮಲಗಿದ್ರ ಗೊರಕಿ, ಎದ್ರ ಬೈಗಳ. ಇಲಿ ಕಂಡ್ರ ಖಾಟಿನ ಮ್ಯಾಲೆ ಏರ್ತಾರಂತ.”

ಹಾಲ್‌ನಲ್ಲಿದ್ದ ಹುಡುಗಿಯರೆಲ್ಲ ಒಮ್ಮೆಲೇ ಸಾಹೇಬರ ಬೋಳು ತಲೆ ನೋಡಿದರು.

“ನಿಮ್ಮ ನೌಕರಿ ಮುಗೀತು!” ಎಂದು ಸಾಹೇಬರು ಆಕೆಗೂ ಕೇಳುವಂತೆ ಚೀರಿ, ಹೆಡ್‌ಫೋನ್ ಕಿತ್ತು ಕಿವಿಗಿಟ್ಟುಕೊಂಡರು. ನನ್ನ ಕಣ್ಣ ಮುಂದೆ ಅಪ್ಪನ ಮುಖ ಬಂತು.

ಸಾಹೇಬರು “ಹೂಂ… ಅಲ್ಲ… ಹೂಂ… ಹೂಂ” ಎಂದು ಹೆಡ್‌ಫೋನ್ ಮರಳಿ ಕೊಟ್ಟರು.

“ನಿಮ್ಮನ್ನ ತೆಗದ್ರ ತವರಿಂದ ಬರಂಗಿಲ್ಲಂತ. ಕಾಯಂ ಮಾಡ್ತೀನಿ.”

“ಯಾರು ಬರಂಗಿಲ್ಲಂತ್ರಿ, ಸಾಹೇಬ್ರ?”

ಅತ್ತಿತ್ತ ನೋಡಿ, ದನಿ ಇಳಿಸಿ, “ಅವರು,” ಎಂದರು.

ನಗೂದು ಸಾಕು ತಂಗಿ, ಮೊದಲು ನಾ ಹೇಳಿದ್ದನ್ನ ಬರಕೋ.