ಒಂಚೂರು ನಿನ್ನ ಮೂಗು ಬೇಕಿತ್ತು

ಬೇರೆಯವರ ಮನೆ ಬಾಗಿಲಿಗೆ ಜನ ಸಕ್ಕರೆ ಕೇಳಿಕೊಂಡು ಬರ್ತಾರೆ, ಏಣಿ ಕೇಳಿಕೊಂಡು ಬರ್ತಾರೆ. ನನ್ನ ಬಾಗಿಲಿಗೆ ಬಂದೋರು ಮಾತ್ರ "ಒಂಚೂರು ನಿನ್ನ ಮೂಗು ಬೇಕಿತ್ತು ಕಣಪ್ಪ" ಅಂತಾರೆ. ಆಲೂಗೆಡ್ಡೆ ಕಿತ್ತು ಮನೆಗೆ ತುಂಬಿದ ಮೇಲೆ ಇದು ವರ್ಷಾ ವರ್ಷ ತಪ್ಪಿದ್ದಲ್ಲ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕು. ಹಿತ್ತಲಲ್ಲಿ ನಿಂತರೆ ಬೆಟ್ಟದಪುರದ ಬೆಟ್ಟ ಕಾಣ್ತದೆ. ಊರಿನವರೆಲ್ಲ ಹೊಗೆಸೊಪ್ಪು ಬೆಳೆದು, ಅದನ್ನ ಬ್ಯಾರನ್ ಅನ್ನೋ ಗೂಡುಮನೆಗೆ ತುಂಬಿ, ಬೆಂಕಿ ಹಾಕಿ ಒಣಗಿಸಿ, ಆ ಘಾಟಿಗೇ ಮೂಗು ಕಳ್ಕೊಂಡೋರು. ಉಳಿದಿದ್ದ ಚೂರುಪಾರನ್ನ ನಶ್ಯ ಮುಗಿಸಿತು. ನಾನು ಹೊಗೆಸೊಪ್ಪು ಹಾಕಲಿಲ್ಲ. ಬ್ಯಾರನ್ನಿನ ಬೆಂಕಿಯನ್ನ ಹಗಲೂ ರಾತ್ರಿ ಕಾಯಬೇಕು, ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕು. ನನ್ನ ಮನೇಲಿ ಆ ಇನ್ನೊಬ್ಬರು ಇಲ್ಲ. ಹೆಣ್ಣು ನೋಡೋಕೆ ಹೋದ ಕಡೆಯೆಲ್ಲ "ಏನ್ ಮಾಡ್ಕಂಡಿದೀರಪ್ಪ?" ಅಂದರು, "ಆಲೂಗೆಡ್ಡೆ" ಅಂದೆ, ಕಾಫಿ ಕುಡಿಸಿ ಮರ್ಯಾದೆಯಾಗಿ ಕಳಿಸಿದರು. ಅವ್ವ ಹೋದ ಮೇಲೆ ನಾನು, ನನ್ನ ಗೆಡ್ಡೆ, ನನ್ನ ಮೂಗು, ಇಷ್ಟೇ ಸಂಸಾರ.

ಹಂಗಾಗಿ ಯಾರಾದರೂ ಮೂಗು ಕೇಳಿಕೊಂಡು ಬಂದರೆ ನನಗೆ ಹಬ್ಬ. ಹೋದ ಮನೇಲಿ ಕೂರಿಸ್ತಾರೆ, ಕಾಫಿ ಕೊಡ್ತಾರೆ, ನಾಲ್ಕು ಮಾತಾಡ್ತಾರೆ. ಅಷ್ಟಕ್ಕೆ ನಾನು ಎಂಥ ನಾತ ಬೇಕಾದರೂ ಮೂಸ್ತೀನಿ.

ತಾತನ ಸ್ನಾನ

ಮೂಲೆಮನೇಲಿ ಒಂದು ಸಲ ವಾಸನೆ ಎದ್ದಿತು. ಇಲಿ ಸತ್ತಿದೆ ಅಂತ ಹೆಂಚು ತೆಗೆಸಿ ನೋಡಿದರು. ಇಲಿ ಇಲ್ಲ. ಕೊನೆಗೆ ಎಲ್ಲರ ಕಣ್ಣೂ ಮನೆಯ ತಾತನ ಮೇಲೆ ಬಿತ್ತು. ತಾತ ಜಗಲಿ ಮೇಲೆ ಕಂಬಳಿ ಹೊದ್ದು ಕೂರೋ ಮನುಷ್ಯ, ಸ್ನಾನ ಅಂದರೆ ಅವರಿಗೆ ಯುಗಾದಿ. ಸೋನೆ ಮಳೇಲೇ ಹಿಡಿದು ಕೂರಿಸಿ ಸೀಗೆಕಾಯಿ ಹಾಕಿ ಉಜ್ಜಿದರು. ಕಂಬಳಿ ಒಗೆದು ಹರವಿದರು. ವಾಸನೆ ಹೋಗಲಿಲ್ಲ. ಇನ್ನೊಂದು ಸಲ ಉಜ್ಜಿದರು.

ನನ್ನನ್ನ ಕರೆದದ್ದು ಆಮೇಲೆ. ಹೋದಾಗ ತಾತ ಸೊಸೆಯ ಹಳೇ ಸೀರೆ ಸುತ್ತಿಕೊಂಡು ಗಡಗಡ ನಡುಗ್ತಾ ಕೂತಿದ್ದರು. ನಾನು ಹೊಸಲಲ್ಲೇ ನಿಂತು ಮಂಚದ ಕೆಳಗೆ ಕೈ ತೋರಿಸಿದೆ. ಅಲ್ಲಿ ಆಲೂಗೆಡ್ಡೆ ಮೂಟೆ ಮೇಲೆ ಮೂಟೆ ಒಟ್ಟಿದ್ದರು. ಅಡಿಯ ಮೂಟೆ ಬಿಚ್ಚಿಸಿ, ಮೊಣಕೈವರೆಗೂ ಕೈ ಇಳಿಸಿ ಒಂದು ಗೆಡ್ಡೆ ತೆಗೆದೆ. ಕೀಳುವಾಗ ಗುದ್ದಲಿ ಏಟು ಬಿದ್ದು ಸೀಳಿದ್ದು. ಕೈಯಲ್ಲೇ ಕರಗಿ ನೀರಾಯ್ತು.

"ಏಟು ಬಿದ್ದದ್ದನ್ನ ಮೂಟೆಗೆ ಹಾಕ್ಬಾರ್ದು ಕಣವ್ವ, ಒಂದು ಕೊಳೆತು ಪಕ್ಕದ್ದೆಲ್ಲ ಕೊಳೆಸ್ತದೆ. ಏಟು ಬಿದ್ದದ್ದು ಮೊದಲು ಅಡುಗೆಮನೆಗೆ" ಅಂದೆ. ನಮ್ಮವ್ವ ಹೇಳ್ತಿದ್ದ ಮಾತು ಅದು.

ಸೊಸೆ ಸೆರಗಲ್ಲಿ ಮೂಗು ಮುಚ್ಕೊಂಡು ಅದನ್ನ ತಿಪ್ಪೆಗೆ ಎಸೆಯೋಕೆ ಹೊರಟಳು. ತಾತ ಹಲ್ಲು ಕಟಕಟ ಅನ್ನಿಸ್ತಾ ತಡೆದರು. "ನಿಂತ್ಕೊಳವ್ವ, ಅಂಗೇ ಎಸ್ದುಬುಡ್ತೀಯಾ? ಅದುಕ್ಕೂ ಸೀಗೆಕಾಯಿ ಹಾಕಿ ಎರಡು ಸ್ನಾನ ಮಾಡ್ಸು!"

ಮಿರ್ಲೆ ಅಳಿಯ

ನಮ್ಮ ಎದುರುಮನೇಲಿ ಒಬ್ಬ ದೊಡ್ಡವ್ವ ಇದ್ದಾಳೆ. ರಕ್ತಸಂಬಂಧ ಏನಿಲ್ಲ, ಅವ್ವನ ಗೆಳತಿ. ಅವಳು ಗುಟ್ಟು ಹೇಳಿದರೆ ಪಕ್ಕದ ಬೀದಿಯೋರು ಉತ್ತರ ಕೊಡ್ತಾರೆ, ಅಂಥ ಗಂಟಲು. ಒಂದು ವರ್ಷ ಅವಳ ಆಲೂಗೆಡ್ಡೆ ಹೊಲ ನೋಡ್ಕೊಳೋಕೆ ಅಳಿಯ ಬಂದ, ಮಿರ್ಲೆಯೋನು. ನಾಲೆ ನೀರಲ್ಲಿ ಭತ್ತ ಬೆಳೆದು ಗೊತ್ತೇ ಹೊರತು ಗೆಡ್ಡೆ ಗೊತ್ತಿಲ್ಲ.

ಕೀಳೋ ಕಾಲ ಹತ್ತಿರ ಬಂದಾಗ ನಾನು ಬೇಲಿ ಪಕ್ಕ ನಿಂತು ಹೇಳಿದೆ. "ಇನ್ನು ನೀರು ನಿಲ್ಸಿ ಅಳಿಯಂದಿರೇ. ಗಿಡ ಕೊಯ್ದುಬುಡಿ, ಗೆಡ್ಡೆ ಒಂದಷ್ಟು ದಿನ ಒಣ ಮಣ್ಣಲ್ಲೇ ಇರ್ಲಿ. ಸಿಪ್ಪೆ ಬಲೀತದೆ."

"ಏನ್ ಮಾತು ಅಂತ ಆಡ್ತೀರ ಕಣ್ರೀ? ನಮ್ಮ ಕಡೆ ನೀರಿಗೆ ಅಣ್ಣತಮ್ಮಂದಿರು ತಲೆ ಒಡ್ಕಂಡವ್ರೆ. ಬರ್ತಾ ಇರೋ ನೀರು ನಿಲ್ಸು ಅಂತೀರಲ್ಲ!"

ಕೀಳೋ ಹಿಂದಿನ ದಿನದವರೆಗೂ ನೀರು ಬಿಟ್ಟ. ಕೆಸರಲ್ಲೇ ಕಿತ್ತ. ಹೆಬ್ಬೆರಳು ಒತ್ತಿದರೆ ಸಿಪ್ಪೆ ಜಾರಿ ಬರ್ತಿತ್ತು. ಅದನ್ನ ನಡುಮನೆ ಮೂಲೇಲಿ ರಾಶಿ ಹಾಕಿ, ಮೇಲೆ ಟಾರ್ಪಾಲು ಬೇರೆ ಹೊದಿಸಿದ. ಸ್ವಲ್ಪ ದಿನಕ್ಕೇ ದೊಡ್ಡವ್ವ ಬೀದಿಯಿಂದಲೇ ಕೂಗಿದಳು, ಮೂಗು ತಗೊಂಡು ಬಾರ್ಲಾ ಅಂತ.

ಮೂಗೇನೂ ಬೇಕಿರಲಿಲ್ಲ. ರಾಶಿಯ ಅಡಿಯಿಂದ ನೀರು ಇಳಿದು, ನಡುಮನೆ ದಾಟಿ ಹೊಸಲಿಗೆ ಬಂದಿತ್ತು. ಅಳಿಯ ತಲೆ ತಗ್ಗಿಸಿ ನಿಂತಿದ್ದ. ದೊಡ್ಡವ್ವ ಅಳಿಯನ ಮರ್ಯಾದೆ ಬಿಡದೆ, ಬಹುವಚನದಲ್ಲೇ ಹೇಳಿದಳು. "ನೋಡಿ ಅಳಿಯಂದಿರೇ, ನೀವು ಬುಟ್ಟ ನೀರು ವಾಪಸ್ ಬಂದದೆ."

ಬ್ಯಾರನ್ನಿನ ಘಮ

ಇನ್ನೊಂದು ವರ್ಷ ಕೀಳೋ ಹೊತ್ತಿಗೇ ಮಳೆ ಹಿಡಿಯಿತು. ಹೊಗೆಸೊಪ್ಪಿನ ಜೊತೆ ಅರ್ಧ ಎಕರೆ ಆಲೂಗೆಡ್ಡೆ ಹಾಕಿದ್ದ ಅಣ್ಣ ಒಬ್ಬ ಓಡಿ ಬಂದ. "ಗೆಡ್ಡೆಯೆಲ್ಲ ಒದ್ದೆ ಕಣ್ಲಾ, ಏನ್ ಮಾಡ್ಲಿ?"

"ತೊಳೀಬೇಡ ಅಣ್ಣ. ನೆರಳಲ್ಲಿ ತೆಳ್ಳಗೆ ಹರಡು. ಒಣಗಿದ ಮೇಲೆ ಕತ್ತಲೆ ಇರೋ ಕಡೆ, ಗಾಳಿ ಆಡೋ ಹಂಗೆ ಬಿದಿರಿನ ಅಟ್ಟದ ಮೇಲಿಡು" ಅಂದೆ.

ಅಣ್ಣ ಯೋಚನೆ ಮಾಡಿದ. ನೆರಳು, ಕತ್ತಲೆ, ಬಿದಿರು, ಒಣಗಿಸೋದು. ಎಲ್ಲಾ ಬ್ಯಾರನ್ನಿನಲ್ಲೇ ಐತಲ್ಲ! ಒಂದು ಸುತ್ತು ಸೊಪ್ಪು ಇಳಿಸಿ ಅದು ಖಾಲಿಯಾಗಿತ್ತು. ಬಿಸಿಗಾಳಿಯ ಕೊಳವೆಗಳ ಮೇಲೆ ಬಿದಿರು ಹಾಸಿ ಗೆಡ್ಡೆ ಸುರಿದು ಬಾಗಿಲು ಹಾಕಿದ. ಅಲ್ಲಿವರೆಗೂ ಸರಿ. ಆದರೆ ಹುಟ್ಟಿದಾಗಿನಿಂದ ಬ್ಯಾರನ್ ತುಂಬಿದ ಮೇಲೆ ಏನು ಮಾಡಬೇಕು ಅಂತ ಆ ಕೈಗೆ ಒಂದೇ ಗೊತ್ತು. ಒಲೆಗೆ ಸೌದೆ ತುಂಬಿ ಬೆಂಕಿ ಹಾಕಿಬಿಟ್ಟ.

ಸಂಜೆ ಹೊತ್ತಿಗೆ ಊರಲ್ಲಿ ಎಂಥ ಘಮ ಅಂತೀರಿ! ನಶ್ಯದ ಮೂಗುಗಳೂ ಎದ್ದು ಕೂತವು. ಜನ ಉಪ್ಪು, ಖಾರದಪುಡಿ ಹಿಡಿದು ಬಂದರು. ದೊಡ್ಡವ್ವ ಬೆಣ್ಣೆ ತಂದಳು. ಅಣ್ಣನ ಹೆಂಡತಿ ಮಾತ್ರ ಒಂದು ಕಡೆ ನಿಂತು ಅವನ ವಂಶವನ್ನೆಲ್ಲ ಉದ್ಧಾರ ಮಾಡ್ತಿದ್ದಳು. ನಾನು ಒಂದು ಬಿಸಿ ಗೆಡ್ಡೆ ಹಿಡ್ಕೊಂಡು ಜನರ ಮಧ್ಯೆ ನಿಂತಿದ್ದೆ. ಅವ್ವನ ತಿಥಿ ಆದ ಮೇಲೆ ಅಷ್ಟು ಜನರ ಜೊತೆ ನಿಂತು ನಾನು ತಿಂದಿರಲಿಲ್ಲ.

"ಬೆಂಕಿ ಹಾಕು ಅಂತ ಯಾರಣ್ಣ ಹೇಳಿದ್ದು?" ಅಂದೆ.

ಅಣ್ಣ ಒಂದನ್ನ ಉಫ್ ಉಫ್ ಅಂತ ಊದಿ ಬಾಯಿಗೆ ಹಾಕ್ಕೊಂಡ. "ಅದಿರ್ಲಿ ಬುಡ್ಲಾ. ಒಂದಾದ್ರೂ ಕೊಳೀತಾ, ಅದನ್ನ ಹೇಳು!"

ಉದ್ದ ಮೂಗು

ನನ್ನ ಖ್ಯಾತಿ ಎಚ್.ಡಿ. ಕೋಟೆವರೆಗೂ ಹೋಯ್ತು. ಕಾಕನಕೋಟೆ ಕಾಡಿನ ಅಂಚಲ್ಲಿರೋ ದೂರದ ನೆಂಟರೊಬ್ಬರು ಫೋನ್ ಮಾಡಿ, ಗೆಡ್ಡೆ ಇಟ್ಟ ಕೊಟ್ಟಿಗೆ ನಾರ್ತಾ ಇದೆ, ಬನ್ನಿ ಅಂದರು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, ಹುಣಸೂರಲ್ಲಿ ಬಸ್ಸು ಬದಲಾಯಿಸಿ, ಮದುವೆಗೆ ಹೋಗೋ ಹಂಗೆ ಹೋದೆ.

ಹೋಗಿ ನೋಡಿದರೆ ಕೊಟ್ಟಿಗೆಗೆ ಗೋಡೆಯೇ ಇಲ್ಲ. ಹಿಂದಿನ ರಾತ್ರಿ ಆನೆ ಬಂದು ಕೆಡವಿ, ಗೆಡ್ಡೆ ತಿಂದು ಹೋಗಿತ್ತು. ನೆಲದ ಮೇಲೆ ಒಂದಷ್ಟು ಬಿದ್ದಿದ್ದವು, ಬಗ್ಗಿ ಮೂಸಿದೆ. ಎಲ್ಲಾ ಕೊಳೆತದ್ದೇ.

ನೆಂಟರು ಸಮಾಧಾನದಿಂದ ಹೇಳಿದರು. "ಬೇಜಾರ್ ಮಾಡ್ಕೋಬೇಡಿ. ನಿಮಗಿಂತ ಮುಂಚೆ ಬಂದು ಒಳ್ಳೇದನ್ನೆಲ್ಲ ಆರ್ಸ್ಕಂಡು ಹೋಗ್ಬುಡ್ತು. ಅದರ ಮೂಗು ನಿಮ್ಮದಕ್ಕಿಂತ ಒಂಚೂರು ಉದ್ದ ಅಲ್ವಾ?"

ಬೆಟ್ಟದ ದೇವರಿಗೆ ಅರ್ಜಿ

ಹೋದ ವರ್ಷ ದೊಡ್ಡವ್ವ ಹಾಲಿನ ಡೈರಿ ಮುಂದೆ ಎಲ್ಲರೆದುರಿಗೇ ನನ್ನ ತರಾಟೆಗೆ ತಗೊಂಡಳು. "ಕೊಳೆತ ಮೇಲೆ ಬಂದು ತೋರ್ಸೋದೇನ್ ದೊಡ್ಡದು? ಕೊಳೀದಂಗೆ ಮಾಡೋದ ಹೇಳ್ಬಾರ್ದಾ?"

ಹಾಲಿನ ಕ್ಯಾನು ಹಿಡಿದು ಸಾಲಲ್ಲಿ ನಿಂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಷ್ಟು ಮುಖ ಒಟ್ಟಿಗೆ ನನ್ನ ನೋಡಿದ್ದೇ ನೋಡಿದ್ದು, ನನಗೆ ಹುಮ್ಮಸ್ಸು ಬಂತು. ಎಲ್ಲಾ ಹೇಳಿಬಿಟ್ಟೆ. ಗಿಡದ ಬುಡಕ್ಕೆ ಮಣ್ಣು ಚೆನ್ನಾಗಿ ಏರಿಸಿ. ಕೀಳೋ ಮುಂಚೆ ನೀರು ನಿಲ್ಲಿಸಿ. ಮಳೆ ಬಿಟ್ಟ ದಿನ ಕೀಳಿ. ಏಟು ಬಿದ್ದದ್ದು ಅಡುಗೆಮನೆಗೆ, ಮಿಕ್ಕದ್ದು ಅಟ್ಟಕ್ಕೆ. ಮೂಟೆ ಒಟ್ಟಬೇಡಿ, ವಾರಕ್ಕೊಂದು ಸಲ ಕೈಯಾಡಿಸಿ ನೋಡಿ.

ನಾನು ಹೇಳಿದ್ದನ್ನ ಜನ ಯಾವತ್ತು ಕೇಳಿದ್ದರು? ಈ ಸಲ ಕೇಳಿಬಿಟ್ಟರು! ಊರಲ್ಲಿ ಬೆಳಗ್ಗೆ ಆಲೂಗೆಡ್ಡೆ ಪಲ್ಯ, ರಾತ್ರಿ ಆಲೂಗೆಡ್ಡೆ ಸಾರು. ಗಂಡಸರು ನನ್ನ ಕಂಡರೆ ಮುಖ ಸಿಂಡರಿಸೋರು. ಏಟು ಬಿದ್ದದ್ದೆಲ್ಲ ಹೊಟ್ಟೆ ಸೇರಿತು. ಅಟ್ಟದ ಮೇಲಿನದು ಒಂದೂ ಕೊಳೆಯಲಿಲ್ಲ.

ನನ್ನ ಬಾಗಿಲಿಗೆ ಯಾರೂ ಬರಲಿಲ್ಲ.

ಕೂತ ಕೊಂಬೆ ನಾನೇ ಕಡ್ಕೊಂಡಿದ್ದೆ. ಬೀದಿಯಲ್ಲಿ ಸುಮ್ಮಸುಮ್ಮನೆ ಓಡಾಡಿದೆ. "ಏನಣ್ಣ, ವಾಸನೆ ಗೀಸನೆ?" ಅಂತ ಕೇಳಿದೆ.

"ಏನಿಲ್ಲ ಕಣ್ಲಾ, ನಿನ್ನ ಪುಣ್ಯ."

"ಮಂಚದ ಕೆಳಗೆ ನೋಡಿದ್ರಾ?"

"ನೋಡ್ದೋ ಬುಡ್ಲಾ."

ಮನೆಗೆ ಬಂದು ಒಬ್ಬನೇ ಮುದ್ದೆ ತಿರುವೋದು, ಒಬ್ಬನೇ ಉಣ್ಣೋದು. ಒಂದೊಂದು ದಿನ ಬಾಯಿ ಬಿಟ್ಟು ಮಾತೇ ಆಡಿರ್ತಿರಲಿಲ್ಲ. ಬಹಳ ಬೇಜಾರಾಗಿತ್ತು. ಒಂದು ಸೋಮವಾರ ಬೆಟ್ಟದ ಕಡೆ ತಿರುಗಿ ಕೈ ಮುಗಿದಾಗ ತಡೀಲಾರದೆ ಬೇಡ್ಕೊಂಡೆ. "ಮಲ್ಲಿಕಾರ್ಜುನಾ, ಯಾರ ಮನೇಲಾದ್ರೂ ಒಂದೇ ಒಂದು ಗೆಡ್ಡೆ ಕೊಳೀಲಪ್ಪ. ಸಣ್ಣದಾದ್ರೂ ಸರಿ."

ನಮ್ಮನೆಯ ನಾತ

ದೇವರು ಕೇಳಿಸ್ಕೊಂಡ. ಮನೆ ಮಾತ್ರ ನನ್ನದನ್ನೇ ಆರಿಸಿದ.

ಏಟು ಬಿದ್ದದ್ದು ಅಡುಗೆಮನೆಗೆ ಅಂದೆನಲ್ಲ, ಆ ಮಾತು ಮನೆ ತುಂಬ ಜನ ಇರೋರಿಗೆ. ಅಷ್ಟು ಬಾಯಿಗೆ ಒಂದು ಬುಟ್ಟಿ ಎಷ್ಟರದು? ನನ್ನದು ಒಂದೇ ಬಾಯಿ. ತಿಂದೆ, ತಿಂದೆ, ಬುಟ್ಟಿ ತಳ ಕಾಣಲಿಲ್ಲ. ಸಾಕಾಗಿ ಒಲೆ ಪಕ್ಕ ಸರಿಸಿ ಗೋಣಿ ಮುಚ್ಚಿದೆ, ಮರೆತೆ. ಒಂದು ಸಂಜೆ ಹೊಲದಿಂದ ಬಂದು ಬಾಗಿಲು ತೆಗೆದಾಗಲೇ ಗೊತ್ತಾಯ್ತು. ತಿಪ್ಪೆಗೆ ಸುರಿಯೋಣ ಅಂತ ಬುಟ್ಟಿಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಎದುರುಮನೆಯಿಂದ ಆ ಗಂಟಲು ಬಂತು.

"ಏನ್ಲಾ ಅದು, ನಿನ್ನ ಮನೆ ಇಂಗೆ ನಾರ್ತದೆ!"

ಕೂಗಿದವಳು ಸುಮ್ಮನಿರಲಿಲ್ಲ, ಒಳಗೆ ಬಂದಳು. ಹಿಂದೆಯೇ ಬ್ಯಾರನ್ ಅಣ್ಣ ಬಂದ, ಹೆಂಡತಿ ಬಂದಳು. ಮೂಲೆಮನೆ ತಾತ ಕಂಬಳಿ ಸಮೇತ ಬಂದರು. ಊರಿಗೆಲ್ಲ ಪಾಠ ಹೇಳಿದೋನ ಮನೇಲೇ ಕೊಳೆತದೆ ಅಂದರೆ ನೋಡದೆ ಬಿಡ್ತಾರಾ?

"ಎಲ್ಲದೆ ಹೇಳ್ಲಾ" ಅಂದಳು ದೊಡ್ಡವ್ವ.

ಬುಟ್ಟಿಯಿಂದ ಕೈ ತೆಗೆದೆ. "ಗೊತ್ತಾಗ್ತಿಲ್ಲ ದೊಡ್ಡವ್ವ. ಹುಡುಕಬೇಕು."

ಹುಡುಕಿದರು. ಅಟ್ಟ ಹತ್ತಿದರು, ಅವ್ವನ ಟ್ರಂಕು ಸರಿಸಿದರು. ಎಲ್ಲಾ ಕೋಣೆಗೂ ದೀಪ ಹಾಕಿದ್ದು ಎಷ್ಟು ಕಾಲ ಆಗಿತ್ತೋ. ನಾನು ಮೇಲಿಟ್ಟಿದ್ದ ಲೋಟಗಳನ್ನೆಲ್ಲ ಇಳಿಸಿ ತೊಳೆದು ಕಾಫಿ ಮಾಡಿದೆ. ಯಾರಾದರೂ ಒಲೆ ಹತ್ತಿರ ಬಂದರೆ "ಅಲ್ಲಲ್ಲ, ಅಲ್ಲಿ ನೋಡಾಯ್ತು, ಅಟ್ಟ ಇನ್ನೊಂದ್ಸಲ ನೋಡಿ" ಅಂದೆ.

"ಬ್ಯಾರನ್ ಅಂಗೆ ಬೆಂಕಿ ಹಾಕಿಬುಡ್ಲಾ?" ಅಂದ ಅಣ್ಣ.

ತಾತ ಬಹಳ ಕಾಲದಿಂದ ಕಾಯ್ತಿದ್ದ ಮಾತು ಹೇಳಿದರು. "ಮೊದಲು ಇವನಿಗೆ ಸ್ನಾನ ಮಾಡ್ಸಿ ನೋಡ್ರಪ್ಪ!"

ಮನೆಯೆಲ್ಲ ನಗು. ನಾನೂ ನಕ್ಕೆ. ದೊಡ್ಡವ್ವ ಮಾತ್ರ ನಗದೆ ನನ್ನ ಮುಖ ನೋಡಿದಳು. ಕಾಲಲ್ಲಿ ಬುಟ್ಟಿಯನ್ನ ಈಚೆಗೆ ಎಳೆದು ಗೋಣಿ ತೆಗೆದಳು.

"ಊರೋರ ಮನೇದೆಲ್ಲ ಹೊಸಲಲ್ಲೇ ನಿಂತು ತೋರಿಸ್ತಿದ್ದೆ. ಇದು ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತಿತ್ತು ದೊಡ್ಡವ್ವ. ತೋರಿಸಿದ್ರೆ ಎಲ್ಲಾ ಎದ್ದು ಹೋಗ್ತೀರಲ್ಲ ಅಂತ ಸುಮ್ಮನಿದ್ದೆ."

ತಾತ ಕಂಬಳಿ ಸರಿ ಮಾಡ್ಕೊಂಡರು. ದೊಡ್ಡವ್ವ ಕೊಳೆತದ್ದನ್ನ ಒಂದು ಕಡೆ ಹಾಕಿ, ಚೆನ್ನಾಗಿರೋದನ್ನ ಆರಿಸಿ ಮಡಿಲಿಗೆ ತುಂಬಿಕೊಂಡಳು. ಅವಳ ಗಂಟಲು ಅಷ್ಟು ಮೆತ್ತಗಾಗಿದ್ದು ನಾನು ಅವತ್ತೇ ಕೇಳಿದ್ದು.

"ಏಟು ಬಿದ್ದದ್ದು ಅಡುಗೆಮನೆಗೆ ಅಂತ ಊರಿಗೆಲ್ಲ ಹೇಳ್ತೀಯ. ನೀನ್ಯಾಕ್ಲಾ ಇಲ್ಲಿ ಒಬ್ಬನೇ ಬಿದ್ದಿದೀಯ? ನಡಿ ನಮ್ಮನೆ ಅಡುಗೆಮನೆಗೆ. ನಾಳೇನೂ ಬಾ. ಕರೀಲಿ, ಕೊಳೀಲಿ ಅಂತ ಕಾಯ್ಬ್ಯಾಡ."

ಇಷ್ಟು ಜನರ ಮುಂದೆ ಅತ್ತರೆ ಚೆನ್ನಾಗಿರಲ್ಲ ಅಂತ, ಬಾಯಿಗೆ ಬಂದದ್ದು ಕೇಳಿದೆ.

"ಇವತ್ತು ಏನ್ ಸಾರು ದೊಡ್ಡವ್ವ?"

ದೊಡ್ಡವ್ವ ಬಾಯಿ ತೆಗೆಯೋ ಮುಂಚೆಯೇ ತಾತ, ಅಣ್ಣ, ಅಣ್ಣನ ಹೆಂಡತಿ, ಮನೆ ತುಂಬ ಇದ್ದೋರೆಲ್ಲ ಸೇರಿ ನನ್ನ ಮೇಲೆ ಕೂಗಿದರು:

"ಆಲೂಗೆಡ್ಡೆ!"